ಮೈದಾ ಇಲ್ಲದೆ, ಬೆಣ್ಣೆ ಇಲ್ಲದೆ ಮನೆಯಲ್ಲೇ ಫ್ರೂಟ್ ಕೇಕ್

ಗೋಧಿಯೂ ಆಗದ, ಹಾಲೂ ಆಗದ ಒಬ್ಬರು ಮನೆಯಲ್ಲಿದ್ದರೆ ಡಿಸೆಂಬರ್ ಬಂತೆಂದರೆ ಸಂಕಟ. ಬೇಕರಿಯ ಗಾಜಿನ ಕಪಾಟಿನ ತುಂಬ ಪ್ಲಮ್ ಕೇಕ್, ಆಫೀಸಿನಲ್ಲಿ ಯಾರೋ ತಂದ ಡಬ್ಬಿ, ಮಂಗಳೂರು ಕಡೆಯ ಸ್ನೇಹಿತರ ಮನೆಯಿಂದ ಬರುವ ಕ್ರಿಸ್‌ಮಸ್ ತಿಂಡಿಗಳ ಕುಸ್ವಾರ್ ತಟ್ಟೆ. ಎಲ್ಲರೂ ತಿನ್ನುವಾಗ ಅವರೊಬ್ಬರು ‘ನನಗೆ ಬೇಡ’ ಎಂದು ಸುಮ್ಮನಾಗಬೇಕು. ಅವರಿಗೆಂದೇ ಬೇರೆ ಸಪ್ಪೆ ಕೇಕ್ ಒಂದನ್ನು ಮಾಡಿ ಮೂಲೆಯಲ್ಲಿಟ್ಟರೆ ಆ ಬೇಸರ ಹೋಗುವುದಿಲ್ಲ. ಮನೆಮಂದಿ, ನೆಂಟರು ಎಲ್ಲರೂ ಇಷ್ಟಪಟ್ಟು ತಿನ್ನುವ ಕೇಕೇ ಅವರಿಗೂ ಆಗುವಂತಿರಬೇಕು.

ಫ್ರೂಟ್ ಕೇಕ್ ವಿಷಯದಲ್ಲಿ ಇದು ಖಂಡಿತ ಸಾಧ್ಯ. ಸ್ಪಾಂಜ್ ಕೇಕ್‌ಗೆ ಮೈದಾ ತೆಗೆದರೆ ಅದರ ಎತ್ತರ, ಮೃದುತ್ವ ಎರಡಕ್ಕೂ ಪೆಟ್ಟು ಬೀಳುತ್ತದೆ. ಫ್ರೂಟ್ ಕೇಕ್ ಹಾಗಲ್ಲ. ಅದರ ತೂಕದಲ್ಲಿ ದೊಡ್ಡ ಪಾಲು ಹಣ್ಣಿನದು. ತೇವ, ಸಿಹಿ, ಘಮ ಎಲ್ಲವೂ ಹಣ್ಣಿನಿಂದ, ಮಸಾಲೆಯಿಂದ, ಕ್ಯಾರಮೆಲ್‌ನಿಂದ ಬರುತ್ತವೆ. ಹಿಟ್ಟಿನ ಕೆಲಸ ಇವನ್ನೆಲ್ಲ ಹಿಡಿದಿಡುವುದಷ್ಟೇ. ಆ ಕೆಲಸವನ್ನು ನಮ್ಮ ಅಕ್ಕಿ ಹಿಟ್ಟು, ರಾಗಿ ಹಿಟ್ಟು, ಮೊಟ್ಟೆ ಸೇರಿ ಚೆನ್ನಾಗಿಯೇ ಮಾಡುತ್ತವೆ. ದುಬಾರಿ ಗ್ಲುಟನ್‌ಫ್ರೀ ಪ್ಯಾಕೆಟ್ ಮಿಶ್ರಣ ತರುವ ಅಗತ್ಯ ನನಗಂತೂ ಕಂಡಿಲ್ಲ.

ಯಾರಿಗಾಗಿ ಮಾಡುತ್ತಿದ್ದೀರಿ ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಿ. ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಚೂರೇ ಚೂರು ಹೋದರೂ ಸಣ್ಣ ಕರುಳಿನ ಒಳಪದರಕ್ಕೆ ಹಾನಿಯಾಗುತ್ತದೆ. ‘ಒಂದು ತುಂಡು ತಿಂದರೆ ಏನಾಗುತ್ತೆ’ ಎಂಬ ಒತ್ತಾಯ ಅವರ ಮುಂದೆ ಮಾಡಲೇಬಾರದು. ಇನ್ನು ಹಾಲು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಸಾಮಾನ್ಯವಾಗಿ ತುಪ್ಪ ತೊಂದರೆ ಕೊಡುವುದಿಲ್ಲ. ಹಾಲಿನ ಪ್ರೋಟೀನ್‌ಗೇ ಅಲರ್ಜಿ ಇದ್ದರೆ ಮಾತ್ರ ತುಪ್ಪವನ್ನೂ ದೂರವಿಡಬೇಕು, ಏಕೆಂದರೆ ಎಷ್ಟೇ ಕಾಯಿಸಿ ಸೋಸಿದರೂ ಅದರಲ್ಲಿ ಪ್ರೋಟೀನ್‌ನ ಅಂಶ ಉಳಿದಿರಬಹುದು. ಕೆಳಗಿನ ವಿಧಾನದಲ್ಲಿ ತುಪ್ಪವೂ ಇಲ್ಲ, ಹಾಗಾಗಿ ಇಬ್ಬರಿಗೂ ನಡೆಯುತ್ತದೆ. ಮೊಟ್ಟೆ ಇದೆ, ಬೀಜಗಳಿವೆ. ಅವುಗಳ ಅಲರ್ಜಿ ಯಾರಿಗಾದರೂ ಇದೆಯೇ ಎಂದು ಕೇಳಿಕೊಳ್ಳಿ.

ಇನ್ನೊಂದು ಮಾತು. ಗೋಧಿ ಆಗುತ್ತಿಲ್ಲ ಎಂಬ ಅನುಮಾನ ಮಾತ್ರ ಇದ್ದು ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ, ಗೋಧಿ ಬಿಡುವ ಮೊದಲೇ ವೈದ್ಯರನ್ನು ಕಾಣಿ. ಬಿಟ್ಟ ಮೇಲೆ ರಕ್ತಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರುವ ಸಾಧ್ಯತೆ ಇರುತ್ತದೆ.

ಕಣ್ಣಿಗೆ ಕಾಣದ ಗೋಧಿ, ಹೆಸರಿಲ್ಲದ ಹಾಲು

ಅಳತೆ ತಪ್ಪಿದರೆ ಕೇಕ್ ಸ್ವಲ್ಪ ಗಟ್ಟಿಯಾದೀತು, ಅಷ್ಟೇ. ಇಲ್ಲಿ ತಪ್ಪಿದರೆ ತಿಂದವರು ಮಲಗಬೇಕಾಗುತ್ತದೆ. ಹಾಗಾಗಿ ಈ ಭಾಗವನ್ನು ಹಾರಿಸಬೇಡಿ.

ಮೊದಲ ಅಪಾಯ ಹಿಟ್ಟಿನ ಗಿರಣಿ. ಅಕ್ಕಿಯಲ್ಲಿ, ರಾಗಿಯಲ್ಲಿ, ಜೋಳದಲ್ಲಿ ಗ್ಲುಟನ್ ಇಲ್ಲ, ನಿಜ. ಆದರೆ ನಿಮಗಿಂತ ಮುಂಚೆ ಬಂದವರು ಅದೇ ಕಲ್ಲಿನಲ್ಲಿ ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ. ಆ ಹಿಟ್ಟು ಕಲ್ಲಿನ ಸಂದಿಯಲ್ಲೂ ಬಟ್ಟೆಯ ಕೊಳವೆಯಲ್ಲೂ ಉಳಿದು ನಿಮ್ಮ ಅಕ್ಕಿ ಹಿಟ್ಟಿಗೆ ಸೇರುತ್ತದೆ. ಸೀಲಿಯಾಕ್ ಇರುವವರಿಗೆ ಗಿರಣಿಯ ಹಿಟ್ಟು ಬೇಡವೇ ಬೇಡ. ಒಂದು ಲೋಟ ಅಕ್ಕಿಯನ್ನು ಆರಿಸಿ, ತೊಳೆದು, ಎರಡು ಗಂಟೆ ನೆನೆಸಿ, ನೀರು ಬಸಿದು, ಒಗೆದ ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಕೈಗೆ ತೇವ ಹತ್ತದಂತಾದಾಗ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹಸಿತನ ಹೋಗುವಷ್ಟು ಬಿಸಿ ಮಾಡಿ ಆರಿಸಿ. ಜರಡಿ ಹೊಸದಾಗಿರಲಿ. ಗೋಧಿ ಹಿಟ್ಟು ಜರಡಿ ಹಿಡಿದ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಿಟ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಲಟ್ಟಣಿಗೆ, ಮರದ ಸೌಟು ಕೂಡ ಹಾಗೆಯೇ, ಮರ ಹೀರಿಕೊಂಡಿರುತ್ತದೆ. ಸ್ಟೀಲ್ ಚಮಚ, ಸ್ಟೀಲ್ ಪಾತ್ರೆ ಬಳಸಿ.

ಪ್ಯಾಕೆಟ್ ಹಿಟ್ಟು ತರುವುದಾದರೆ ಗ್ಲುಟನ್‌ಫ್ರೀ ಎಂದು ಬರೆದಿರುವುದನ್ನೇ ತನ್ನಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ ಹಾಗೆ ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲುಟನ್ 20 ಮಿಲಿಗ್ರಾಂ ಮೀರಬಾರದು. ರವೆ, ಚಿರೋಟಿ ರವೆ, ಶಾವಿಗೆ ಇವೆಲ್ಲ ಹೆಚ್ಚಾಗಿ ಗೋಧಿಯವೇ ಎಂಬುದು ಅಡುಗೆ ಮಾಡುವವರಿಗೆ ಗೊತ್ತಿದ್ದರೂ ಕೇಕ್‌ನ ಭರದಲ್ಲಿ ‘ಒಂದು ಹಿಡಿ ರವೆ ಹಾಕಿದರೆ ಹರಳು ಹರಳಾಗಿ ಬರುತ್ತೆ’ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಓಟ್ಸ್‌ನಲ್ಲಿ ಗೋಧಿ ಬೆರೆತಿರುವುದು ಸಾಮಾನ್ಯ. ಮಾಲ್ಟ್ ಎಂದಿದ್ದರೆ ಅದು ಹೆಚ್ಚಾಗಿ ಬಾರ್ಲಿಯದು. ಬೇಕಿಂಗ್ ಪೌಡರ್ ಡಬ್ಬಿಯಲ್ಲಿ ಬರೆದಿರುವುದನ್ನೂ ಓದಿ: ಅದರೊಳಗಿನ ಪಿಷ್ಟ ಮೆಕ್ಕೆಜೋಳದ್ದಾಗಿರಬೇಕು, ಗೋಧಿಯದಲ್ಲ. ಅಂಗಡಿಯಲ್ಲಿ ಹೆಚ್ಚಿ ಮಾರುವ ಖರ್ಜೂರದ ಚೂರುಗಳು ಅಂಟದಿರಲೆಂದು ಕೆಲವೊಮ್ಮೆ ಹಿಟ್ಟು ಉದುರಿಸಿರುತ್ತಾರೆ. ಇಡೀ ಖರ್ಜೂರ ತಂದು ಮನೆಯಲ್ಲೇ ಬೀಜ ತೆಗೆಯುವುದು ಕ್ಷೇಮ.

ಹಾಲಿನ ವಿಷಯದಲ್ಲಿ ಮೋಸ ಹೋಗುವುದು ಹಸಿರು ಚುಕ್ಕೆ ನೋಡಿ. ಹಸಿರು ಚುಕ್ಕೆ ಎಂದರೆ ಸಸ್ಯಾಹಾರ ಎಂದಷ್ಟೇ. ಹಾಲು, ಬೆಣ್ಣೆ ಇದ್ದರೂ ನಮ್ಮಲ್ಲಿ ಹಸಿರು ಚುಕ್ಕೆಯೇ ಇರುತ್ತದೆ. ಮಾರ್ಗರಿನ್‌ನಲ್ಲಿ ಹಾಲಿನ ಪುಡಿ ಇರಬಹುದು. ವೇ, ಕೇಸಿನ್ (ಎರಡೂ ಹಾಲಿನಿಂದ ಬರುವವು), ಹಾಲಿನ ಘನಾಂಶ ಎಂದು ಬರೆದಿದ್ದರೆ ವಾಪಸ್ ಇಟ್ಟುಬಿಡಿ. ವೀಗನ್ ಗುರುತು ಇದ್ದರೆ ಹಾಲಿನ ಚಿಂತೆ ಕಡಿಮೆ, ಆದರೆ ಅದರಲ್ಲಿ ಮೈದಾ ಇರಬಾರದೆಂದೇನೂ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಬೇಕಾಗುವ ಸಾಮಾನು

ಈ ಅಳತೆ 7 ಇಂಚಿನ ದುಂಡು ಟಿನ್‌ಗೆ. ಸಾಧ್ಯವಾದರೆ ತಕ್ಕಡಿಯಲ್ಲಿ ತೂಗಿ. ಅಕ್ಕಿ ಹಿಟ್ಟು, ರಾಗಿ ಹಿಟ್ಟುಗಳನ್ನು ಕಪ್ಪಿನಲ್ಲಿ ಅಳೆದರೆ ಒಂದೊಂದು ಸಲ ಒಂದೊಂದು ತೂಕ ಬರುತ್ತದೆ.

ಹಣ್ಣು: ಕಪ್ಪು ಒಣದ್ರಾಕ್ಷಿ 100 ಗ್ರಾಂ, ಕಂದು ಒಣದ್ರಾಕ್ಷಿ 100 ಗ್ರಾಂ, ಖರ್ಜೂರ 100 ಗ್ರಾಂ, ಒಣ ಅಂಜೂರ ಅಥವಾ ಏಪ್ರಿಕಾಟ್ 50 ಗ್ರಾಂ, ಟೂಟಿ ಫ್ರೂಟಿ 50 ಗ್ರಾಂ.
ನೆನೆಸಲು: ಕಿತ್ತಳೆ ರಸ 150 ಮಿಲಿ, ಒಂದು ಕಿತ್ತಳೆಯ ಸಿಪ್ಪೆಯ ತುರಿ.
ಹಿಟ್ಟು: ಅಕ್ಕಿ ಹಿಟ್ಟು 80 ಗ್ರಾಂ, ರಾಗಿ ಹಿಟ್ಟು 40 ಗ್ರಾಂ, ಬಾದಾಮಿ ಪುಡಿ 70 ಗ್ರಾಂ, ಕಾರ್ನ್‌ಫ್ಲೋರ್ 30 ಗ್ರಾಂ, ಇಸಬ್‌ಗೋಲ್ 2 ಟೀ ಚಮಚ.
ಉಬ್ಬಲು: ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಉಪ್ಪು ಕಾಲು ಟೀ ಚಮಚ.
ಮಸಾಲೆ: ಚಕ್ಕೆ ಪುಡಿ ಮುಕ್ಕಾಲು ಟೀ ಚಮಚ, ಒಣಶುಂಠಿ ಪುಡಿ ಅರ್ಧ, ಜಾಯಿಕಾಯಿ ತುರಿ ಕಾಲು, ಲವಂಗ 4 ಕುಟ್ಟಿದ್ದು.
ಉಳಿದದ್ದು: ಮೊಟ್ಟೆ 3, ಎಣ್ಣೆ 120 ಮಿಲಿ, ಬೆಲ್ಲದ ಪುಡಿ 130 ಗ್ರಾಂ, ಕ್ಯಾರಮೆಲ್‌ಗೆ ಸಕ್ಕರೆ 50 ಗ್ರಾಂ, ಗೋಡಂಬಿ ಚೂರು 60 ಗ್ರಾಂ.

ಬಾದಾಮಿ ಕೈಗೆಟುಕದಿದ್ದರೆ ಗೋಡಂಬಿ ನುಚ್ಚು ಸಾಕು. ಮಿಕ್ಸಿಯಲ್ಲಿ ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಗಟ್ಟುತ್ತದೆ. ಒಂದು ಚಮಚ ಅಕ್ಕಿ ಹಿಟ್ಟು ಸೇರಿಸಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಅಕ್ಕಿ ಹಿಟ್ಟಿನ ಜಾಗದಲ್ಲಿ ಬಿಳಿ ಜೋಳದ ಹಿಟ್ಟೂ ಆಗುತ್ತದೆ, ಉತ್ತರ ಕರ್ನಾಟಕದವರ ಮನೆಯಲ್ಲಿ ಅದೇ ಸುಲಭಕ್ಕೆ ಸಿಗುವುದು. ರಾಗಿಯನ್ನು ಮಾತ್ರ 40 ಗ್ರಾಂಗಿಂತ ಹೆಚ್ಚಿಸಬೇಡಿ. ಬಣ್ಣ ಚೆಂದ ಬರುತ್ತದೆ, ಆದರೆ ಜಾಸ್ತಿಯಾದರೆ ಕೇಕ್ ಒಣಗಿ ಗಂಟಲಿಗೆ ಹಿಡಿಯುತ್ತದೆ. ರಾಗಿ ಹಿಟ್ಟನ್ನು ಘಮ ಬರುವಷ್ಟು ಹುರಿದು ಹಾಕಿ.

ಇಸಬ್‌ಗೋಲ್ ಮೆಡಿಕಲ್ ಶಾಪ್‌ನಲ್ಲಿ ಸಿಗುವುದೇ, ಸಕ್ಕರೆ, ಪರಿಮಳ ಸೇರಿಸದ ಸಾದಾ ಹೊಟ್ಟು. ನೀರು ಕುಡಿದರೆ ಲೋಳೆಯಾಗುತ್ತದಲ್ಲ, ಆ ಗುಣವೇ ಇಲ್ಲಿ ಗ್ಲುಟನ್‌ನ ಬದಲಿಗೆ ಕೇಕ್ ಉದುರದಂತೆ ಹಿಡಿಯುತ್ತದೆ. ಎರಡು ಚಮಚ ಮೀರಿದರೆ ಕೇಕ್ ಅಂಟಂಟಾಗುತ್ತದೆ.

ಎಣ್ಣೆ ಯಾವುದು? ಸೂರ್ಯಕಾಂತಿ ಎಣ್ಣೆಯಾದರೆ ಯೋಚನೆಯೇ ಇಲ್ಲ. ನನ್ನ ಆಯ್ಕೆ ಕೊಬ್ಬರಿ ಎಣ್ಣೆ, ಕಿತ್ತಳೆ ಮತ್ತು ಜಾಯಿಕಾಯಿಯ ಜೊತೆ ಅದರ ವಾಸನೆ ಬಹಳ ಹೊಂದುತ್ತದೆ. ಆದರೆ ಅದು 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನ ಬೆಂಗಳೂರಿನಲ್ಲಿ, ಮಡಿಕೇರಿಯಲ್ಲಿ ಬೆಳಗ್ಗೆ ಬಾಟಲಿ ಬೋರಲು ಹಾಕಿದರೂ ಬೀಳುವುದಿಲ್ಲ. ಬೆಚ್ಚಗೆ ಕರಗಿಸಿ, ಮೊಟ್ಟೆಯನ್ನೂ ಫ್ರಿಜ್‌ನಿಂದ ಒಂದು ಗಂಟೆ ಮೊದಲೇ ತೆಗೆದಿಡಿ. ತಣ್ಣನೆಯ ಮೊಟ್ಟೆಗೆ ಬಿದ್ದ ಕೊಬ್ಬರಿ ಎಣ್ಣೆ ಸಣ್ಣ ಸಣ್ಣ ಬಿಳಿ ಕಾಳುಗಳಾಗಿ ನಿಂತುಬಿಡುತ್ತದೆ.

ಹಿಂದಿನ ದಿನ: ಹಣ್ಣು

ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ಒಮ್ಮೆ ತೊಳೆದು ಬಸಿಯಿರಿ. ವಿಜಯಪುರದ ಕಡೆಯ ಒಳ್ಳೆಯ ದ್ರಾಕ್ಷಿ ಸಿಕ್ಕರೆ ಆಮದು ದ್ರಾಕ್ಷಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ತೊಟ್ಟು ಮಾತ್ರ ಒಂದೊಂದಾಗಿ ಕಿತ್ತುಬಿಡಿ. ಖರ್ಜೂರ, ಅಂಜೂರಗಳನ್ನು ದ್ರಾಕ್ಷಿಯ ಗಾತ್ರಕ್ಕೇ ಹೆಚ್ಚಿ, ಚಾಕುವಿಗೆ ಎಣ್ಣೆ ಸವರಿಕೊಂಡರೆ ಅಂಟುವುದಿಲ್ಲ. ತುಂಡು ದೊಡ್ಡದಾದರೆ ಕೇಕ್ ಕತ್ತರಿಸುವಾಗ ಅಲ್ಲೇ ಒಡೆಯುತ್ತದೆ. ಮೈದಾ ಕೇಕ್‌ನಲ್ಲಿ ಇದು ಅಷ್ಟು ತೊಂದರೆಯಲ್ಲ, ಇಲ್ಲಿ ಹೌದು.

ಆ ಹೊತ್ತಿಗೆ ಗಾಡಿಗಳಲ್ಲಿ ನಾಗಪುರದ ಕಿತ್ತಳೆ ಬಂದಿರುತ್ತದೆ. ಚೆನ್ನಾಗಿ ತೊಳೆದು ಹೊರಗಿನ ಬಣ್ಣದ ಪದರವನ್ನಷ್ಟೇ ತುರಿಯಿರಿ, ಒಳಗಿನ ಬಿಳಿ ಭಾಗ ಕಹಿ. ಆಮೇಲೆ ರಸ ಹಿಂಡಿ. ಟೂಟಿ ಫ್ರೂಟಿ ಒಂದನ್ನು ಬಿಟ್ಟು ಉಳಿದ ಹಣ್ಣು, ರಸ, ತುರಿ ಎಲ್ಲವನ್ನೂ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ, ಮುಚ್ಚಿಡಿ. ಆರಿದ ಮೇಲೆ ಫ್ರಿಜ್‌ಗೆ. ಬೆಳಗ್ಗೆ ನೋಡಿದರೆ ದ್ರಾಕ್ಷಿ ದುಂಡಗೆ ಉಬ್ಬಿ, ತಳದಲ್ಲಿ ಒಂದೆರಡು ಚಮಚ ರಸ ಮಾತ್ರ ಉಳಿದಿರುತ್ತದೆ. ಮನೆಯಲ್ಲಿ ರಮ್ ನಡೆಯುವುದಾದರೆ ಅರ್ಧ ರಸ, ಅರ್ಧ ರಮ್ ಹಾಕಬಹುದು; ಅದನ್ನು ಕುದಿಸಬೇಡಿ, ಬಿಸಿ ರಸವಿಳಿಸಿ ಆರಿದ ಮೇಲೆ ಸೇರಿಸಿ. ಮಕ್ಕಳು, ಗರ್ಭಿಣಿಯರು ತಿನ್ನುವ ಕೇಕ್‌ಗೆ ರಸವೊಂದೇ ಸಾಕು.

ಕ್ಯಾರಮೆಲ್

ಬೇಕರಿ ಕೇಕ್‌ನ ಆ ಕಡುಗಂದು ಬಣ್ಣ, ಕೊನೆಯಲ್ಲಿ ನಾಲಿಗೆಗೆ ಸಿಗುವ ಸಣ್ಣ ಕಹಿ, ಎರಡೂ ಇಲ್ಲಿಂದಲೇ. ಬೆಣ್ಣೆಯ ರುಚಿ ಇಲ್ಲವೆಂಬ ಕೊರತೆಯನ್ನು ತುಂಬುವುದೂ ಇದೇ, ಹಾಗಾಗಿ ಅವಸರ ಬೇಡ.

ದಪ್ಪ ತಳದ ಪಾತ್ರೆಯಲ್ಲಿ 50 ಗ್ರಾಂ ಸಕ್ಕರೆಗೆ ಒಂದು ಚಮಚ ನೀರು ಹಾಕಿ ಮಧ್ಯಮ ಉರಿಯಲ್ಲಿಡಿ. ಸೌಟು ಹಾಕಿ ಕಲಕಬೇಡಿ, ಪಾತ್ರೆಯನ್ನೇ ಮೆಲ್ಲಗೆ ಅಲುಗಿಸಿ. ಮೊದಲು ಗುಳ್ಳೆ, ನಂತರ ಅಂಚಿನಲ್ಲಿ ಹಳದಿ, ಆಮೇಲೆ ಜೇನಿನ ಬಣ್ಣ. ಇಲ್ಲಿಂದ ಮುಂದೆ ಪಾತ್ರೆ ಬಿಟ್ಟು ಕದಲಬೇಡಿ. ಕೆಂಪಗಾಗಿ, ಕೆಂಪು ಕಂದಾಗಿ, ತೆಳುವಾದ ಹೊಗೆ ಏಳಲು ಶುರುವಾದ ಕ್ಷಣಕ್ಕೆ ಒಲೆ ಆರಿಸಿ, ಪಕ್ಕದಲ್ಲಿಟ್ಟುಕೊಂಡ 80 ಮಿಲಿ ಬಿಸಿನೀರನ್ನು ಚೂರು ಚೂರೇ ಸುರಿಯಿರಿ. ಭುಸ್ಸೆಂದು ಸಿಡಿಯುತ್ತದೆ, ಮುಖ ದೂರವಿರಲಿ, ಮಕ್ಕಳು ಹತ್ತಿರ ಬರಬಾರದು. ತಣ್ಣೀರು ಹಾಕಿದರೆ ಇನ್ನೂ ಜೋರಾಗಿ ಸಿಡಿದು ಸಕ್ಕರೆ ಗಟ್ಟಿಯಾಗುತ್ತದೆ. ಮತ್ತೆ ಒಂದು ನಿಮಿಷ ಕುದಿಸಿ ಪೂರ್ತಿ ಆರಲು ಬಿಡಿ. ಸುಟ್ಟು ಕಪ್ಪಾಗಿ ಖಾರ ಹೊಗೆ ಬಂದಿದ್ದರೆ ಚೆಲ್ಲಿ ಹೊಸದಾಗಿ ಮಾಡಿ, ಅಷ್ಟು ಸಕ್ಕರೆಗಾಗಿ ಇಡೀ ಕೇಕ್ ಕಹಿ ಮಾಡಬಾರದು.

ಕಲಸುವುದು

ಟಿನ್‌ನ ತಳಕ್ಕೂ ಸುತ್ತಲೂ ಎರಡು ಪದರ ಬಟರ್ ಪೇಪರ್ ಹಾಕಿ. ಈ ಕೇಕ್ ಬಹಳ ಹೊತ್ತು ಬೇಯುವುದರಿಂದ ಒಂದೇ ಪದರವಿದ್ದರೆ ಅಂಚು ಕರಕಲಾಗುತ್ತದೆ.

ಮೊಟ್ಟೆ, ಬೆಲ್ಲದ ಪುಡಿಯನ್ನು ಬೀಟರ್‌ನಲ್ಲಿ ನಾಲ್ಕೈದು ನಿಮಿಷ, ತಿಳಿ ಬಣ್ಣಕ್ಕೆ ತಿರುಗಿ ನೊರೆನೊರೆಯಾಗಿ ದಪ್ಪವಾಗುವವರೆಗೆ ಬೀಟ್ ಮಾಡಿ. ಎಣ್ಣೆಯನ್ನು ಸಣ್ಣ ಧಾರೆಯಲ್ಲಿ ಬಿಡುತ್ತಾ ಸೇರಿಸಿ, ಆಮೇಲೆ ಆರಿದ ಕ್ಯಾರಮೆಲ್. ಅಕ್ಕಿ ಹಿಟ್ಟು, ರಾಗಿ ಹಿಟ್ಟು, ಬಾದಾಮಿ ಪುಡಿ, ಇಸಬ್‌ಗೋಲ್, ಮಸಾಲೆ, ಉಪ್ಪನ್ನು ಬೇರೆ ಪಾತ್ರೆಯಲ್ಲಿ ಬೆರೆಸಿಕೊಂಡು ಇದಕ್ಕೆ ಹಾಕಿ ಗಂಟಿಲ್ಲದಂತೆ ಕಲಸಿ. ಕಾರ್ನ್‌ಫ್ಲೋರ್, ಬೇಕಿಂಗ್ ಪೌಡರ್, ಸೋಡಾ ಈಗಲೇ ಬೇಡ. ಹೆಚ್ಚು ಕಲಸಿದರೆ ಕೇಕ್ ರಬ್ಬರ್ ಆಗುತ್ತದೆಂಬ ಮೈದಾ ಕಾಲದ ಭಯವನ್ನೂ ಬಿಡಿ. ಎಳೆ ಹಿಡಿಯಲು ಇಲ್ಲಿ ಗ್ಲುಟನ್ನೇ ಇಲ್ಲ.

ಈಗ ಪಾತ್ರೆ ಮುಚ್ಚಿ ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆಯನ್ನು ಉಳಿಸಲು ಹೋಗಿಯೇ ಅಕ್ಕಿ ಹಿಟ್ಟಿನ ಕೇಕ್ ಹಲ್ಲಿಗೆ ಮರಳು ಸಿಕ್ಕಂತೆ ಆಗುವುದು. ಅಕ್ಕಿಯ ಕಣ ನಿಧಾನಕ್ಕೆ ನೀರು ಕುಡಿಯುತ್ತದೆ, ಇಸಬ್‌ಗೋಲ್ ಅಷ್ಟರಲ್ಲಿ ಬಿಗಿ ಕೊಡುತ್ತದೆ. ಬೇಕಿಂಗ್ ಪೌಡರನ್ನು ಮೊದಲೇ ಹಾಕಿದ್ದರೆ ಅದರ ಅರ್ಧ ಶಕ್ತಿ ಈ ಕಾಯುವಿಕೆಯಲ್ಲೇ ಖಾಲಿಯಾಗುತ್ತಿತ್ತು.

ಒಲೆಯಿಟ್ಟುಕೊಳ್ಳುವ ಹೊತ್ತು ಇದೇ. ಓಟಿಜಿಯನ್ನು (ಮನೆಬಳಕೆಯ ಕರೆಂಟ್ ಓವನ್) ಮೇಲಿನ, ಕೆಳಗಿನ ಎರಡೂ ಕಂಬಿ ಹೊತ್ತಿಸಿ 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲಿಡಿ. ನೆನೆದ ಹಣ್ಣಿನಲ್ಲಿ ರಸ ಹೆಚ್ಚಿದ್ದರೆ ಬಸಿದು ಪಕ್ಕಕ್ಕಿಡಿ, ಕೊನೆಗೆ ಕೇಕ್‌ಗೆ ಸವರಲು ಬರುತ್ತದೆ. ಹಣ್ಣು, ಟೂಟಿ ಫ್ರೂಟಿ, ಗೋಡಂಬಿ ಚೂರಿನ ಮೇಲೆ ಒಂದು ಚಮಚ ಕಾರ್ನ್‌ಫ್ಲೋರ್ ಉದುರಿಸಿ ಹೊರಳಿಸಿದರೆ ತಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಉಳಿದ ಕಾರ್ನ್‌ಫ್ಲೋರ್ ಜೊತೆ ಬೇಕಿಂಗ್ ಪೌಡರ್, ಸೋಡಾ ಸೇರಿಸಿ ಹಿಟ್ಟಿನ ಮೇಲೆ ಜರಡಿ ಹಿಡಿದು ಕಲಸಿ, ಕೊನೆಗೆ ಹಣ್ಣು. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ವಡೆ ಹಿಟ್ಟಿಗಿಂತ ಸಡಿಲ ಇರಬೇಕು. ತೀರಾ ಗಟ್ಟಿ ಎನಿಸಿದರೆ ಎರಡು ಚಮಚ ತೆಂಗಿನ ಹಾಲು ಅಥವಾ ಬಸಿದಿಟ್ಟ ರಸ.

ಬೇಯಿಸುವುದು

ಟಿನ್‌ಗೆ ಸುರಿದು, ಒದ್ದೆ ಚಮಚದ ಬೆನ್ನಿನಿಂದ ಮೇಲ್ಭಾಗ ಸಮ ಮಾಡಿ, ನಡುವೆ ಸ್ವಲ್ಪ ತಗ್ಗು ಮಾಡಿ. ಮಧ್ಯದ ಅಂತಸ್ತಿನಲ್ಲಿಟ್ಟು ಮೊದಲ 45 ನಿಮಿಷ ಬಾಗಿಲು ತೆಗೆಯಬೇಡಿ. ಆಮೇಲೆ ಮೇಲೆ ಕೆಂಪಗಾಗಿದ್ದರೆ ಫಾಯಿಲ್ ಮುಚ್ಚಿ. 80ರಿಂದ 95 ನಿಮಿಷ ಹಿಡಿಯುತ್ತದೆ. ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟಬಾರದು. ಖರ್ಜೂರಕ್ಕೆ ಚುಚ್ಚಿದರೂ ಅಂಟುತ್ತದೆ, ಆದ್ದರಿಂದ ಎರಡು ಮೂರು ಕಡೆ ನೋಡಿ. ಕನ್ವೆಕ್ಷನ್ ಮೈಕ್ರೋವೇವ್ ಆದರೆ 140 ಡಿಗ್ರಿ ಇಡಿ, ಅದರ ಫ್ಯಾನ್ ಗಾಳಿಗೆ ಮೇಲ್ಭಾಗ ಬೇಗ ಗಟ್ಟಿಯಾಗುತ್ತದೆ.

ಓವನ್ ಇಲ್ಲದವರು ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ, ಅಥವಾ ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದ ಹಳೆಯ ಕುಕ್ಕರ್‌ನಲ್ಲಿ ಮಾಡಬಹುದು. ತಳಕ್ಕೆ ಎರಡು ಲೋಟ ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ನೀರು ಹಾಕುವಂತಿಲ್ಲ. ಇಷ್ಟು ಭಾರದ ಕೇಕ್ ಒಂದೇ ಟಿನ್‌ನಲ್ಲಾದರೆ ತಳ ಹೊತ್ತಿ ನಡು ಹಸಿಯಾಗುತ್ತದೆ. ಕಲಸಿದ್ದನ್ನು ಎರಡು ಚಿಕ್ಕ ಟಿನ್‌ಗೆ ಹಂಚಿ, ಅತಿ ಸಣ್ಣ ಉರಿಯಲ್ಲಿ ಒಂದೊಂದಾಗಿ ಬೇಯಿಸಿ, 50 ನಿಮಿಷದ ನಂತರ ಕಡ್ಡಿ ಚುಚ್ಚಿ ನೋಡಿ. ಹಾಗಾದರೆ ಬೇಕಿಂಗ್ ಪೌಡರ್ ಮಿಶ್ರಣವನ್ನೂ ಅರ್ಧರ್ಧ ಮಾಡಿ, ಎರಡನೆಯ ಪಾಲಿಗೆ ಅದರ ಸರದಿ ಬಂದಾಗಲೇ ಸೇರಿಸಿ.

ಮೊಟ್ಟೆ ತಿನ್ನದವರು ಕೇಳುವುದುಂಟು. ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಕಾಲು ಗಂಟೆ ನೆನೆಸಿ ಹಾಕಬಹುದು. ರುಚಿಗೆ ಕೊರತೆಯಿಲ್ಲ, ಆದರೆ ಕೇಕ್ ತಗ್ಗಾಗಿ, ಒತ್ತೊತ್ತಾಗಿ ಬರುತ್ತದೆ. ಚಿಕ್ಕ ಬ್ರೆಡ್ ಟಿನ್‌ನಲ್ಲಿ ಮಾಡುವುದು ಲೇಸು.

ಕಾಯುವುದು, ಕತ್ತರಿಸುವುದು, ಇಡುವುದು

ಬಿಸಿ ಕೇಕನ್ನು ಟಿನ್‌ನಿಂದ ಬೋರಲು ಹಾಕಿದರೆ ಮುರಿಯುತ್ತದೆ. ಗ್ಲುಟನ್ ಇಲ್ಲದ ಕೇಕ್ ಗಟ್ಟಿ ನಿಲ್ಲುವುದು ಆರಿದ ಮೇಲೆಯೇ. ಬಿಸಿಯಿರುವಾಗ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ಮೂರು ಚಮಚ ಕಿತ್ತಳೆ ರಸ ಸವರಿ, ಟಿನ್‌ನಲ್ಲೇ ಪೂರ್ತಿ ಆರಲು ಬಿಡಿ. ಪೇಪರ್ ಸಮೇತ ತೆಗೆದು, ಸುತ್ತಿ, ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಮನೆಯೆಲ್ಲ ಘಮಘಮಿಸುವಾಗ ಮಕ್ಕಳನ್ನು ತಡೆಯುವುದು ಕಷ್ಟವೇ, ಆದರೂ ಮರುದಿನ ಹಲ್ಲಿನ ಚಾಕುವಿನಲ್ಲಿ ಕತ್ತರಿಸಿದಾಗ ತುಂಡಿನ ಅಂಚು ಉದುರದೆ, ದ್ರಾಕ್ಷಿ ಅರ್ಧಕ್ಕೆ ಕತ್ತರಿಸಿದ್ದು ಹೊಳೆಯುತ್ತ ನಿಲ್ಲುತ್ತದೆ.

ನಡು ಕುಸಿದಿದ್ದರೆ ಹಣ್ಣಿನಲ್ಲಿ ರಸ ಜಾಸ್ತಿಯಿತ್ತು ಅಥವಾ ಬಾಗಿಲು ಬೇಗ ತೆರೆದಿರಿ. ತಳದಲ್ಲಿ ಅಂಟಿನ ಪಟ್ಟಿ ಕಂಡರೆ ಇನ್ನೂ ಹತ್ತು ನಿಮಿಷ ಬೇಯಬೇಕಿತ್ತು.

ನೆಂಟರು ಬಂದಾಗ ಇದೇ ಕೇಕನ್ನು ಎಲ್ಲರಿಗೂ ಕೊಡಿ. ಬೇಕರಿ ಕೇಕ್ ಕೂಡ ಇರುವುದಾದರೆ ತಟ್ಟೆಯೂ ಚಾಕುವೂ ಬೇರೆ ಬೇರೆ ಇರಲಿ, ಇದನ್ನು ಮೊದಲು ಕತ್ತರಿಸಿ. ರಸದಲ್ಲಿ ಮಾಡಿದ ಕೇಕ್ ಬೆಂಗಳೂರಿನ ಚಳಿಯಲ್ಲಿ ಮೂರು ದಿನ ಹೊರಗಿರಬಹುದು, ಕರಾವಳಿಯ ಸೆಕೆಯಲ್ಲಿ ಎರಡೇ ದಿನ. ಫ್ರಿಜ್‌ನಲ್ಲಿಟ್ಟರೆ ಅಕ್ಕಿಯ ಪಿಷ್ಟ ಗಟ್ಟಿಯಾಗಿ ಕೇಕ್ ಬಿರುಸಾಗುತ್ತದೆ, ತಂಗಳನ್ನದ ಹಾಗೆ. ಅದಕ್ಕಿಂತ ತುಂಡು ಮಾಡಿ, ನಡುನಡುವೆ ಪೇಪರ್ ಇಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿ. ಎರಡು ತಿಂಗಳು ಧಾರಾಳವಾಗಿ ಇರುತ್ತದೆ. ಬೇಕಾದಾಗ ಒಂದು ತುಂಡು ತೆಗೆದು ಅರ್ಧ ಗಂಟೆ ಹೊರಗಿಟ್ಟು, ತವಾದ ಮೇಲೆ ಎರಡೂ ಬದಿ ಬೆಚ್ಚಗೆ ಮಾಡಿ ಕೊಡಿ. ಆ ತವಾ ಮಾತ್ರ ಚಪಾತಿಯದ್ದಾಗಿರಬಾರದು.